ಅಳತೆಗೆ ಸರಿಯಾದ ಒಂದು ಗಾಲಿ

ನಮ್ಮ ತವರುಮನೆಯಲ್ಲಿ ಯಾವ ವಸ್ತುವನ್ನೂ ಅಳತೆಗೆ ಸರಿಯಾಗಿ ಕೊಂಡದ್ದು ನನಗೆ ನೆನಪಿಲ್ಲ. ಚಪ್ಪಲಿ ಒಂದು ನಂಬರು ದೊಡ್ಡದು, ಶಾಲೆಯ ಅಂಗಿ ಬರುವ ವರ್ಷದ ಮೈಗೆ, ಪಾತ್ರೆಗಳು ಬಾರದ ನೆಂಟರಿಗೂ ಸಾಲುವಷ್ಟು. "ದೊಡ್ಡದಿದ್ರ ಚಿಂತಿಲ್ಲ, ಸಣ್ಣದಾದ್ರ ಏನ್ ಮಾಡ್ತಿ?" ಎನ್ನುವ ಮಾತು ಧಾರವಾಡದಿಂದ ಪುಣೆಗೆ ನಮ್ಮ ಸಾಮಾನಿನ ಜೊತೆಗೇ ಬಂದಿತ್ತು. ಅಣ್ಣ ತನ್ನ ಮದುವೆಯ ಸೂಟನ್ನೂ ಹಾಗೆಯೇ ಹೊಲಿಸಿಕೊಂಡಿದ್ದ. ಫೋಟೋದಲ್ಲಿ ಅವನ ಬೆರಳುಗಳು ಕಾಣುವುದಿಲ್ಲ.

ಆ ಮನೆಗೆ ಸೊಸೆಯಾಗಿ ಬಂದವರು ನಮ್ಮ ವೈನಿ, ಅಣ್ಣನ ಹೆಂಡತಿ. ಬ್ಯಾಂಕಿನಲ್ಲಿ ಕೆಲಸ, ಆದರೆ ರವಿಕೆಗಳನ್ನು ಇವತ್ತಿಗೂ ತಾವೇ ಹೊಲಿದುಕೊಳ್ಳುತ್ತಾರೆ. ಟೇಪು ಕುತ್ತಿಗೆಗೆ ಬಿತ್ತೆಂದರೆ ಅವರ ಮುಂದೆ ಯಾರ ಆಟವೂ ನಡೆಯುವುದಿಲ್ಲ. ಉಳಿದ ಎಲ್ಲದರಲ್ಲೂ ಅಣ್ಣನದೇ ಆಟ. ಬ್ಯಾಂಕಿಗೆ ಬಿಡುವವನು ಅವನು, ಕರೆತರುವವನು ಅವನು, ಕಾಯಿಪಲ್ಯದ ಚೀಲ ಹಿಡಿಯುವವನೂ ಅವನೇ. ಅಷ್ಟು ಪ್ರೀತಿ ನನ್ನ ಗಂಡನಿಗಿದ್ದರೆ ನಾನು ಪೇಢೆ ಹಂಚುತ್ತಿದ್ದೆ. ವೈನಿಗೆ ಮಾತ್ರ ಒಳಗೊಳಗೇ ಉಸಿರು ಕಟ್ಟುತ್ತಿತ್ತು ಎಂದು ನನಗೆ ತಿಳಿದದ್ದು ತಡವಾಗಿ.

ಪುಣೆಯ ನಿಗಡಿಯಲ್ಲಿ ಅಣ್ಣ-ವೈನಿಯ ಮನೆಯ ಬಾಲ್ಕನಿಯಲ್ಲಿ ಒಂದೇ ಗಾಲಿಯ ಸೈಕಲ್ ಬಿದ್ದಿತ್ತು. ಅವರ ಮಗಳು ಬೇಸಿಗೆ ಶಿಬಿರದಲ್ಲಿ ಆಡಿ, ಬೇಜಾರಾಗಿ ಬಿಟ್ಟದ್ದು. ವೈನಿ ಅದನ್ನು ಪಾರ್ಕಿಂಗಿಗೆ ಇಳಿಸಿ, ಗೋಡೆ ಹಿಡಿದು, ಮೊಣಕಾಲು ಕೆತ್ತಿಸಿಕೊಂಡು, ಒಂದು ಮಳೆಗಾಲ ಪೂರ್ತಿ ಒದ್ದಾಡಿ ಕಲಿತರು. "ವೈನಿ, ಸರ್ಕಸ್ಸಿನವ್ರು ಕರದಾರೇನ್ರಿ?" ಎಂದು ನಾನು ಛೇಡಿಸಿದ್ದೆ. ದೀಪಾವಳಿಗೆ ಹೋದಾಗ ಅವರು ಕೈ ಬಿಟ್ಟು ಕಂಬಗಳ ನಡುವೆ ಸುತ್ತುತ್ತಿದ್ದರು. ನಾನೇ ಚಪ್ಪಾಳೆ ತಟ್ಟಿದೆ.

ಆದರೆ ಆ ಸಣ್ಣ ಗಾಲಿಯಲ್ಲಿ ಗೇಟು ದಾಟಿ ದೂರ ಹೋಗುವಂತಿರಲಿಲ್ಲ. ಪೆಡಲ್ ಒಂದು ಸುತ್ತು ತುಳಿದರೆ ಗಾಲಿಯೂ ಒಂದೇ ಸುತ್ತು. ಗಿಯರ್ ಇಲ್ಲ, ಸುಮ್ಮನೆ ಉರುಳಿಕೊಂಡು ಹೋಗುವ ಸುಖವೂ ಇಲ್ಲ. ಎಷ್ಟು ತುಳಿದರೂ ನಡೆಯುವವರು ಮುಂದೆ ಹೋಗಿಬಿಡುತ್ತಿದ್ದರು.

"ದೊಡ್ಡ ಗಾಲಿದೊಂದು ನೋಡಬೇಕು. ಸಾಸವಡದಿಂದ ಜೇಜುರಿಗೆ ಹೋಗೂದದ, ನಾ ಒಬ್ಬಾಕೀನ" ಎಂದರು ಒಂದು ದಿನ. ಪುಣೆಯಿಂದ ಆಚೆ, ಸಾಸವಡ ದಾಟಿದರೆ ಸಿಗುವ ಊರು ಜೇಜುರಿ. ಅಲ್ಲಿಯ ಖಂಡೋಬಾ ನಮ್ಮ ಮನೆದೇವರು, ಮೈಲಾರಲಿಂಗ. ಪ್ರತಿ ವರ್ಷ ಕಾರಿನಲ್ಲಿ ಹೋಗಿ ಭಂಡಾರ ಹಚ್ಚಿಕೊಂಡು ಬರುತ್ತೇವೆ.

"ಎರಡು ಗಾಲಿದು ಯಾಕ ಬ್ಯಾಡ್ರಿ?" ಎಂದೆ.

"ಅದಕ್ಕ ಹಿಂದ ಸೀಟ್ ಇರ್ತದ. ನಿಮ್ಮಣ್ಣ ಕೂಡ್ತಾನ, ಇಲ್ಲಾ ನನ್ನ ಕೂಡಸ್ತಾನ."

ನಾನು ನಕ್ಕೆ. ಅವರು ನಗಲಿಲ್ಲ. ಆಗ ನನಗೆ ವಿಷಯ ತಿಳಿಯಿತು.

ಹೊಸದನ್ನು ಹೊರದೇಶದಿಂದ ತರಿಸಿದರೆ ಒಂದು ಸ್ಕೂಟರಿನ ಬೆಲೆಯೇ ಆಗುತ್ತಿತ್ತು. ಬಿಬವೇವಾಡಿಯ ನಮ್ಮ ಓಣಿಯಲ್ಲಿ ವರ್ಷಗಟ್ಟಲೆ ಇಂಥದ್ದೇ ಸೈಕಲ್ ಓಡಿಸಿ ಮೊಣಕಾಲು ಸವೆಸಿಕೊಂಡ ಒಬ್ಬ ಮರಾಠಿ ಗೃಹಸ್ಥರಿದ್ದಾರೆ. ತಮ್ಮವನ್ನೆಲ್ಲ ಮಾರುತ್ತಿದ್ದಾರೆಂದು ಕೇಳಿ ನಾನೇ ಅಣ್ಣನಿಗೆ ಫೋನು ಮಾಡಿದೆ. ಮಾಡಬಾರದಿತ್ತು. ಭಾನುವಾರ ವೈನಿ ಬಂದು ನೋಡುವ ಮೊದಲೇ, ಶನಿವಾರ ಅಣ್ಣ ಬಂದು ಇದ್ದುದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಹೊತ್ತುಕೊಂಡು ಹೋದ. ಮೂವತ್ತಾರು ಇಂಚಿನ ಗಾಲಿ, ಸೀಟು ನನ್ನ ಎದೆಮಟ್ಟಕ್ಕೆ! "ದೂರ ಹೋಗ್ತೀನಂದಾಳ, ದೊಡ್ಡದಿರಲಿ" ಎಂದ. ನಾನೂ ಜೊತೆಗೆ ಹೋದೆ. ಅವರ ಮನೆಯ ಪಡಸಾಲೆಯ ನಡುವೆ ನಿಲ್ಲಿಸಿ, ಕುಂಕುಮ ಹಚ್ಚಿ, ಗಾಲಿಯ ಕೆಳಗೆ ಎರಡು ನಿಂಬೆಹಣ್ಣು ಇಡಲು ಹೋಗಿ, ಒಂದೇ ಗಾಲಿ ಎಂದು ನೆನಪಾಗಿ ಇನ್ನೊಂದನ್ನು ಜೇಬಿಗೆ ಹಾಕಿಕೊಂಡ.

ವೈನಿ ಅದನ್ನು ಕೆಳಗೆ ಒಯ್ದು ಏರಲು ನೋಡಿದರು, ಜಾರಿದರು. ಮತ್ತೆ ನೋಡಿದರು, ಮತ್ತೆ ಜಾರಿದರು. ಅಣ್ಣ ಓಡಿಹೋಗಿ ಸೀಟು ಹಿಡಿದ. ಈಗ ಏರಿದರು, ಓಡಿಸಿದರು ಕೂಡ. ಚಂದ ಓಡುತ್ತಿತ್ತು ಆ ಗಾಲಿ, ಸುಳ್ಳು ಯಾಕೆ ಹೇಳಲಿ.

"ಆತಲ್ಲ! ನಾ ಹಿಡೀತೀನಿ, ನೀ ಹೋಗು" ಎಂದ ಅಣ್ಣ.

"ದಾರ್ಯಾಗ ಇಳದ್ರ?"

"ಅಲ್ಲೂ ಬರ್ತೀನಿ."

ವೈನಿ ಇಳಿದು ಸೈಕಲ್ಲನ್ನು ಗೋಡೆಗೆ ಒರಗಿಸಿದರು. "ಹಂಗಾದ್ರ ನೀವ ಜೇಜುರಿಗೆ ಹೋಗಿ ಬರ್ರಿ. ನಾ ಮನ್ಯಾಗ ಇರ್ತೀನಿ."

ಅಣ್ಣನ ಮುಖ ನೋಡಲಾಗಲಿಲ್ಲ. ನನಗೆ ವೈನಿಯ ಮೇಲೆ ಸಿಟ್ಟೇ ಬಂತು, ಅಷ್ಟು ಪ್ರೀತಿಯಿಂದ ತಂದವನಿಗೆ ಹೀಗೆ ಅನ್ನಬೇಕಿತ್ತೇ ಎಂದು. ಆದರೆ ಮರುದಿನ ಆ ಗೃಹಸ್ಥರ ಅಂಗಳದಲ್ಲಿ ವೈನಿಯನ್ನು ನೋಡಿದ ಮೇಲೆ ಆ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಗೃಹಸ್ಥರು ದೊಡ್ಡದನ್ನು ಹಿಂತೆಗೆದುಕೊಂಡು, ಉಳಿದವನ್ನೆಲ್ಲ ಸಾಲಾಗಿ ನಿಲ್ಲಿಸಿ, "ವಹಿನಿ, ಆಧಿ ಚಢೂನ್ ಬಘಾ" ಎಂದರು. ಮೊದಲು ಏರಿ ನೋಡಿ, ಆಮೇಲೆ ಮಾತು.

ವೈನಿ ಏರಿ ನೋಡಿದರು. ಪುಟ್ಟ ಗಾಲಿಯದು ಕಲ್ಲುದಾರಿಗೆ ಚೆನ್ನ, ಡಾಂಬರಿನ ಮೇಲೆ ಜೀವ ತೆಗೆಯುತ್ತದೆ ಎಂದು ಪಕ್ಕಕ್ಕಿಟ್ಟರು. ಇಪ್ಪತ್ತೊಂಬತ್ತು ಇಂಚಿನದು ಎರಡಕ್ಕೂ ನಡುವಿನದು. ಅದನ್ನು ಯಾರ ಕೈಯೂ ಇಲ್ಲದೆ ಏರಿದರು, ಇಳಿದು ಮತ್ತೆ ಏರಿದರು. ಆಮೇಲೆ ಶುರುವಾಯಿತು ಪರೀಕ್ಷೆ. ಪೆಡಲ್ ಕೆಳಗಿದ್ದಾಗ ಮೊಣಕಾಲು ಎಷ್ಟು ಮಡಚುತ್ತದೆ ನೋಡಿದರು. ಗಾಲಿ ಹಿಡಿದು ಪೆಡಲನ್ನು ಅಲುಗಿಸಿ, ಕಿವಿಯಿಟ್ಟು ಟಕ್ಕೆಂಬ ಸದ್ದು ಬರುತ್ತದೆಯೇ ಎಂದು ಕೇಳಿದರು. ಪೆಡಲಿನ ತೋಳು ಕೂರುವ ಅಚ್ಚಿನ ತುದಿಯಲ್ಲಿ ಸಣ್ಣ ಹಲ್ಲುಗಳಿದ್ದವು. ಬರೀ ಚೌಕವಾಗಿದ್ದರೆ ಕಲ್ಲಿನ ಮೇಲೆ ಜಿಗಿದು ಜಿಗಿದು ಸಡಿಲಾಗುತ್ತದಂತೆ, ಹಲ್ಲಿದ್ದರೆ ಕಚ್ಚಿಕೊಂಡಿರುತ್ತದಂತೆ. ದಪ್ಪ ಟೈರು ಹಾಕಲು ಮೇಲೆ ಜಾಗವಿದೆಯೇ ಎಂದು ಎರಡು ಬೆರಳು ತೂರಿಸಿ ನೋಡಿದರು. ಪೆಡಲ್ ಕೂರುವ ತೋಳಿನಲ್ಲಿ ಎರಡು ತೂತುಗಳಿದ್ದುದನ್ನು ಕಂಡಾಗ ಮಾತ್ರ ಅವರ ಮುಖ ಅರಳಿತು.

"ನೋಡು, ಒಳಗ ಬಟ್ಟಿ ಬಿಟ್ಟು ಹೊಲದಾರ" ಎಂದರು ನನಗೆ, ಬೇಕೆಂದಾಗ ಬಿಚ್ಚಿ ಸಡಿಲಿಸಿಕೊಳ್ಳುವ ರವಿಕೆಯ ಲೆಕ್ಕದಲ್ಲಿ. ಒಳತೂತಿಗೆ ಹಾಕಿದರೆ ಸಪಾಟು ರಸ್ತೆಯಲ್ಲಿ ಕಾಲು ಬೇಗ ತಿರುಗುತ್ತದೆ, ಹೊರತೂತಿಗೆ ಹಾಕಿದರೆ ಏರಿನಲ್ಲಿ ಬಲ ಸಿಗುತ್ತದೆ. ಬ್ರೇಕು ಇರಲಿಲ್ಲ, ಮುಂದೊಂದು ದಿನ ಹಾಕಿಸಿದರಾಯಿತು ಎಂದರು. ಸೀಟು ಹರಿದಿತ್ತು, ಅದಕ್ಕಾಗಿ ಚೌಕಾಸಿ ಮಾಡಿ ಬೆಲೆ ಇಳಿಸಿಕೊಂಡರು. ಮನೆಗೆ ತಂದು ಹಳೆಯ ಜೀನ್ಸಿನ ಬಟ್ಟೆಯಿಂದ ಅದಕ್ಕೆ ತಾವೇ ಹೊದಿಕೆ ಹೊಲಿದರು. ಎಲ್ಲೂ ಒಂದು ಸುಕ್ಕಿಲ್ಲ. ನಾನು ಇಡೀ ಜೀವನದಲ್ಲಿ ಯಾವುದನ್ನೂ ಅಷ್ಟು ತಿಳಿದು ಆರಿಸಿಕೊಂಡಿಲ್ಲ, ಗಂಡನನ್ನೂ ಸೇರಿಸಿ.

ಚಳಿಗಾಲದ ಒಂದು ಭಾನುವಾರ ವೈನಿ ಹೊರಟರು. ಸಾಸವಡದವರೆಗೆ ಬಸ್ಸು, ಅಲ್ಲಿಂದ ಸೈಕಲ್. ಯಾರೂ ಬರಬಾರದೆಂದು ಅಣ್ಣನಿಂದ ಮಾತು ತೆಗೆದುಕೊಂಡಿದ್ದರು. ಅವರ ಬಸ್ಸು ಹೊರಟು ತುಸು ಹೊತ್ತಿಗೆ ಅಣ್ಣನ ಕಾರು ನನ್ನ ಮನೆಯ ಮುಂದೆ ನಿಂತಿತು. "ಬರೇ ದೂರಿಂದ ನೋಡೂಣು" ಎಂದ. ನಾನೂ ಹತ್ತಿದೆ. ಬೈಯಬೇಕಾದವಳು ಹತ್ತಿದೆ.

ಜೇಜುರಿಯ ಹತ್ತಿರ ಅವರು ರಸ್ತೆ ಬಿಟ್ಟು ಹೊಲದ ದಾರಿ ಹಿಡಿಯುವುದು ನಮಗೆ ಗೊತ್ತಿತ್ತು. ಒಂದು ಬೇವಿನ ಮರದ ಮರೆಯಲ್ಲಿ ಕಾರು ನಿಲ್ಲಿಸಿದೆವು. ಬಹಳ ಹೊತ್ತಿನ ಮೇಲೆ ಬಂದರು. ನೆಟ್ಟಗೆ ಕುಳಿತಿದ್ದರು, ಎರಡೂ ಕೈ ತುಸು ಅಗಲಿಸಿ, ಕಣ್ಣು ದೂರದಲ್ಲಿಟ್ಟು. ಕಲ್ಲು ಬಂದಲ್ಲಿ ಸೀಟಿನ ಹಿಡಿ ಹಿಡಿದು ಮೈಯೆತ್ತುತ್ತಿದ್ದರು. ಕುರಿ ಮೇಯಿಸುವವರು ನಿಂತು ನೋಡುತ್ತಿದ್ದರು. ಇಷ್ಟು ವರ್ಷ ಇವರನ್ನು ಕಾರಿನ ಎಡಗಡೆ ಸೀಟಿನಲ್ಲಿ ಮಾತ್ರ ನೋಡಿದ್ದೆ.

ಹಾಗೆ ನೋಡುತ್ತಿರುವಾಗಲೇ ಗಾಲಿ ಒಂದು ಕೊರಕಲಿಗೆ ಇಳಿದು ವೈನಿ ಮುಂದಕ್ಕೆ ಬಿದ್ದರು. ಎರಡೂ ಅಂಗೈ ನೆಲಕ್ಕೆ.

ಅಣ್ಣ ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟ. ಅವನು ಹಾಗೆಯೇ, ಅರ್ಧ ಒಳಗೆ ಅರ್ಧ ಹೊರಗೆ, ಅಲುಗದೆ ಕುಳಿತ. ವೈನಿ ಎದ್ದು ಕೈ ಕೊಡವಿಕೊಂಡರು. ಅಣ್ಣ ಕಾಲನ್ನು ಒಳಗೆ ತೆಗೆದುಕೊಂಡು ಮೆಲ್ಲಗೆ ಬಾಗಿಲು ಎಳೆದ. ವೈನಿ ಸೀಟನ್ನು ತೊಡೆಗಳ ನಡುವೆ ಹಿಡಿದು, ಪೆಡಲಿನ ಮೇಲೆ ಪಾದವಿಟ್ಟು, ಒಮ್ಮೆ ತಪ್ಪಿ, ಮರುಬಾರಿ ಏರಿ ಹೊರಟುಹೋದರು.

"ನಡಿ, ಮನಿಗೆ ಹೋಗೂಣು" ಎಂದು ಅಣ್ಣ ಕಾರನ್ನು ಪುಣೆಯ ಕಡೆಗೆ ತಿರುಗಿಸಿದ.

ಸಾಸವಡ ದಾಟುವಾಗ ವೈನಿಯ ಫೋನು ಬಂತು. ಸ್ಪೀಕರಿನಲ್ಲಿ ಗುಡಿಯ ಗದ್ದಲವೆಲ್ಲ ಕೇಳಿಸುತ್ತಿತ್ತು.

"ಮುಟ್ಟಿದೆನ್ರಿ."

"ಹೌದಾ! ಎಲ್ಲೂ ಬೀಳಲಿಲ್ಲಲ್ಲ?" ಎಂದ ಅಣ್ಣ, ಏನೂ ಗೊತ್ತಿಲ್ಲದವನಂತೆ.

"ಬಿದ್ದೆ. ನಿಮ್ಮ ಗಾಡಿ ಕಾಣಸ್ತು. ಒಂದು ಕಾಲು ಕೆಳಗ ಬಂತು, ಮತ್ತ ಒಳಗ ಹೋತು. ಅದನ್ನ ನೋಡೇ ನಾ ಏರಿದೆ. ಕಾಲು ಒಳಗ ತಗೊಂಡ್ರಲ್ಲ, ಭಾಳ ಛಲೋ ಮಾಡಿದ್ರಿ."

ಅಣ್ಣ ಕಾರನ್ನು ಬದಿಗೆ ನಿಲ್ಲಿಸಿ ಅತ್ತುಬಿಟ್ಟ.