ಟಿಪ್ಪಣಿ ತಿಪ್ಪೇಶರು
ಚಿತ್ರದುರ್ಗದ ಆಪ್ತಸಮಾಲೋಚಕ ತಿಪ್ಪೇಶರ ಬಳಿ ಬಂದವರೆಲ್ಲ ಸುಧಾರಿಸುತ್ತಾರೆ. ಕಾಗದದ ಮೇಲಂತೂ ಖಂಡಿತ. ಬಂದವರು ಅತ್ತು, ಮೂಗೊರೆಸಿಕೊಂಡು ಮೆಟ್ಟಿಲಿಳಿಯುವಷ್ಟರಲ್ಲಿ ಇವರು ಫೋನಿನಲ್ಲಿರುವ ಎಐಗೆ ನಾಲ್ಕು ಮಾತು ಒದರುತ್ತಾರೆ, ಅದು ಪುಟಗಟ್ಟಲೆ ಟಿಪ್ಪಣಿ ಹೆಣೆದುಕೊಡುತ್ತದೆ. ಹೊಸದುರ್ಗದ ಅತ್ತೆ ಸೊಸೆ ಇವರೆದುರೇ ಜುಟ್ಟು ಹಿಡಿದುಕೊಂಡದ್ದು ‘ಮುಕ್ತ ಸಂವಾದಕ್ಕೆ ಚಾಲನೆ’ ಆಯಿತು. ಹಿರಿಯೂರಿನ ಮೇಷ್ಟ್ರೊಬ್ಬರು ಇವರನ್ನು ಬೈದು ಎದ್ದುಹೋದದ್ದು ‘ಸ್ವಂತ ನಿರ್ಧಾರ ಕೈಗೊಳ್ಳುವುದರಲ್ಲಿ ಗಮನಾರ್ಹ ಪ್ರಗತಿ’. “ನಾನು ಹೇಳ್ದೇ ಇದ್ದಿದ್ದೂ ಬರೆದೈತೆ ನೋಡ್ರಿ!” ಎಂದು ಪಕ್ಕದ ಕೋಣೆಯ ಹಲ್ಲಿನ ಡಾಕ್ಟರಿಗೆ ತೋರಿಸಿ ಹಿಗ್ಗುತ್ತಾರೆ. ಹೆಂಡತಿ ದಿವ್ಯಾ ಮುನಿಸಿಕೊಂಡು ಮಾತು ಬಿಟ್ಟರೆ ಅದನ್ನೂ ಫೋನಿಗೆ ಹೇಳಿ, ಬಂದ ಟಿಪ್ಪಣಿಯನ್ನು ಅವಳಿಗೇ ಓದಿ ಹೇಳುವಷ್ಟು ಧೈರ್ಯವಂತರು. ಮೊನ್ನೆ ರಾಮಗಿರಿಯಿಂದ ಏಕಾಂತಮ್ಮ ಬಂದಿದ್ದರು. ಗಂಡ ತೀರಿಕೊಂಡು ವರ್ಷವಾಗಿದೆ. “ಈಗ್ಲೂ ಎರಡು ತಟ್ಟೆಗೆ ಬಡಿಸ್ಬಿಡ್ತೀನ್ರಿ. ಆಮೇಲೆ ನೆನಪಾಗ್ತೈತೆ. ಚೆಲ್ಲಾಕೆ ಮನಸ್ಸು ಬರಲ್ಲ, ಎರಡೂ ನಾನೇ ಉಣ್ತೀನಿ,” ಅಂದರು. ಅವರು ಹೋದ ಮೇಲೆ ತಿಪ್ಪೇಶರು ಅದನ್ನೂ ಫೋನಿಗೆ ಒಪ್ಪಿಸಿದರು. ಎಐ ಬರೆಯಿತು: ‘ಹಸಿವು ಉತ್ತಮವಾಗಿದೆ.’ ತಿಪ್ಪೇಶರು ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ ಪುಟವನ್ನೆಲ್ಲ ಅಳಿಸಿ, ಅಭ್ಯಾಸ ತಪ್ಪಿದ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ತಾವೇ ಬರೆದರು: ‘ಏಕಾಂತಮ್ಮ ಇನ್ನೂ ಇಬ್ಬರಿಗೆ ಬಡಿಸುತ್ತಾರೆ. ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಮುಂದಿನ ವಾರ ಮತ್ತೆ ಬರ್ರಿ ಎಂದೆ. ಬರುತ್ತೇನೆ ಎಂದರು.’