ಮೊಣಕಾಲಿಂದ ಭುಜದವರೆಗಿನ ಬಾಗಿಲು

ಎಂಬತ್ತರ ದಶಕದ ಆರಂಭದಲ್ಲಿ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ರೇಡಿಯೋ ಬಿಡಿಭಾಗಗಳಿಗೆ ಬೆಸುಗೆ ಹಾಕುತ್ತಿದ್ದೆ. ನಮ್ಮ ವಿಭಾಗದಲ್ಲೆಲ್ಲ ಹೆಂಗಸರೇ. ನಮ್ಮ ಬೆರಳು ಸಣ್ಣ, ಬಾಯಿಯೂ ಸಣ್ಣ ಎಂದು ನಂಬಿ ಸೇರಿಸಿಕೊಂಡಿದ್ದರು. ನಮಗೆ ಮೂತ್ರಕ್ಕೂ ಹೋಗಬೇಕಾಗುತ್ತದೆ ಎಂಬುದು ಮಾತ್ರ ಆ ಮಹಾಬುದ್ಧಿವಂತರಿಗೆ ಹೊಳೆದಿರಲಿಲ್ಲ. ಕಾಂಪೌಂಡಿನ ಹಿಂದಿನ ನೀಲಗಿರಿ ತೋಪೇ ನಮಗೆ ಗತಿ.

ಯಾರೋ ಅಧಿಕಾರಿ ತಪಾಸಣೆಗೆ ಬಂದು ಗದರಿದ ಮೇಲೆ ಶೌಚಾಲಯ ಎದ್ದಿತು. ಅದರ ನಕ್ಷೆ ಮ್ಯಾನೇಜರನದೇ. ಬಾಗಿಲು ಮೊಣಕಾಲಿನ ಮಟ್ಟದಲ್ಲಿ ಶುರುವಾಗಿ ಭುಜದ ಹತ್ತಿರ ಮುಗಿಯುತ್ತಿತ್ತು. ಒಳಗೆ ಹೋದವರು ಹರಟೆ ಹೊಡೆಯಬಾರದಲ್ಲ! ಎದುರಿಗೇ ಸೂಪರ್‌ವೈಸರನ ಮೇಜು. ಸ್ವಲ್ಪ ತಡವಾದರೆ ಅಲ್ಲಿಂದಲೇ ಕೂಗುತ್ತಿದ್ದ: "ಏನಮ್ಮಾ, ಅಲ್ಲೇ ಸಂಸಾರ ಹೂಡಿದ್ಯಾ?"

ನನ್ನ ಪಕ್ಕ ಕೂರುತ್ತಿದ್ದ, ಮಾಕಳಿ ಹಳ್ಳಿಯಿಂದ ಬರುತ್ತಿದ್ದ ಹೆಂಗಸು ನೀರು ಕುಡಿಯುವುದನ್ನೇ ಬಿಟ್ಟಳು. ಉರಿಮೂತ್ರವಾಗಿ ಜ್ವರ ಬಂತು. "ಅವ್ನ ಕಣ್ಮುಂದೆ ಅಂಗೆ ಕೂರಾಕಾಯ್ತದಾ ಅಕ್ಕಾ?" ಎಂದು ಅತ್ತಳು.

ನಾವು ಕೆಲವರು ಮ್ಯಾನೇಜರ್ ಹತ್ತಿರ ಹೋದೆವು. ಆತ ಕಾಫಿ ಹೀರುತ್ತಾ ನಕ್ಕ. "ಬಯಲಿಗೆ ಹೋಗ್ತಿದ್ದೋರು ಕಣ್ರೀ ನೀವು. ಈಗ ಬಾಗಿಲು ಸಾಲಲ್ಲ ಅಂತೀರಲ್ಲ!" ಅವನ ಕೋಣೆಗೆ ಹೊಂದಿಕೊಂಡಿದ್ದ ಶೌಚಾಲಯಕ್ಕೆ ನೆಲ ಮುಟ್ಟುವ ತೇಗದ ಬಾಗಿಲಿತ್ತು, ಒಳಗೆ ಚಿಲಕವಿತ್ತು.

ಆ ವರ್ಷದ ಆಯುಧಪೂಜೆಗೆ ಮಾಲೀಕರ ಹೆಂಡತಿ ಬಂದರು. ಮಂಗಳಾರತಿ ಮುಗಿದ ಮೇಲೆ ನನ್ನ ಬಳಿ ಬಂದು ಮೆಲ್ಲಗೆ, "ಟಾಯ್ಲೆಟ್ ಎಲ್ಲಮ್ಮಾ?" ಎಂದರು. ಮ್ಯಾನೇಜರ್ ತನ್ನ ಕೋಣೆಯತ್ತ ಕೈ ತೋರಿಸುತ್ತಲೇ ಇದ್ದ. ನಾನು ಅವನನ್ನು ನೋಡದವಳಂತೆ, "ಬನ್ನಿ ಮೇಡಂ, ಹೆಂಗಸರದ್ದು ಇಲ್ಲಿದೆ," ಎಂದು ನಮ್ಮದಕ್ಕೇ ಕರೆದೊಯ್ದೆ.

ರೇಷ್ಮೆ ಸೀರೆಯ ನೆರಿಗೆ ಹಿಡಿದು ಆಕೆ ಒಳಗೆ ಹೋದರು. ತಲೆಯೂ ಕಾಲೂ ಹೊರಗೆ ಕಾಣುತ್ತಿದ್ದವು. ಎದುರಿಗೆ, ಬಾಯಲ್ಲಿ ಸಿಹಿ ತುಂಬಿಕೊಂಡ ಸೂಪರ್‌ವೈಸರ್. ಆಕೆ ಹಾಗೇ ಹೊರಬಂದರು.

"ನೀವೆಲ್ಲ ಇದ್ರಲ್ಲೇ ಹೋಗ್ತೀರಾ?"

"ಹೌದು ಮೇಡಂ. ಇದು ಮ್ಯಾನೇಜರ್ ಸಾರ್ ಪ್ಲಾನು."

ಆಕೆ ನೇರ ಹೋಗಿ ಕಾರು ಹತ್ತಿದರು. ಹಬ್ಬ ಕಳೆದ ಕೂಡಲೇ ಬಡಗಿ ಬಂದು ಪೂರ್ತಿ ಬಾಗಿಲು ಕೂರಿಸಿದ. ಸೂಪರ್‌ವೈಸರನ ಮೇಜು ಗೋದಾಮಿನ ಕಡೆಗೆ ಹೋಯಿತು. ನಮ್ಮಲ್ಲೊಬ್ಬಳ ಜ್ವರಕ್ಕೆ ಅಲುಗದ ಕಾರ್ಖಾನೆ ಒಂದು ರೇಷ್ಮೆ ಸೀರೆಯ ಮುಜುಗರಕ್ಕೆ ಅಲುಗಿತ್ತು.

ಮ್ಯಾನೇಜರ್ ನಮ್ಮನ್ನೆಲ್ಲ ಸೇರಿಸಿ, ಹೆಣ್ಣುಮಕ್ಕಳ ಮರ್ಯಾದೆ ತನಗೆ ಮೊದಲಿನಿಂದಲೂ ಮುಖ್ಯ ಎಂದು ಭಾಷಣ ಬಿಗಿದ. ಕೆಲವರು ಚಪ್ಪಾಳೆ ತಟ್ಟಿದರು. ಮಾಕಳಿಯವಳು ಮಧ್ಯದಲ್ಲೇ ಎದ್ದು, ಹೂಜಿಯಿಂದ ಎರಡು ಲೋಟ ನೀರು ಬಗ್ಗಿಸಿಕೊಂಡು ಗಟಗಟ ಕುಡಿದಳು.