ಹುಣಸೆಹಣ್ಣು ಅಳಿಸಿದ ಸಿಂಹ

ಪಾತ್ರೆಗಳ ಮೇಲೆ ಹೆಸರು ಕೆತ್ತುವ ಆ ಹಿರಿಯರು ನಮ್ಮ ತಾತನ ಹಿತ್ತಾಳೆ ಬ್ಯಾಡ್ಜನ್ನು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಉಸಿರು ಬಿಟ್ಟರು. ಹಬೆ ಕೂತ ಕ್ಷಣ, ಬೋಳಾಗಿದ್ದ ಲೋಹದ ಮೇಲೆ ಸಿಂಹವೊಂದು ತೆಳ್ಳಗೆ ಮೂಡಿ ಮಾಯವಾಯಿತು.

ತೊಂಬತ್ತರ ದಶಕದಲ್ಲಿ, ಚಿಕ್ಕಪೇಟೆಯ ಪಾತ್ರೆ ಅಂಗಡಿಯೊಂದರ ಮುಂದೆ ನಾನು ಅಮ್ಮನ ಜೊತೆ ನಿಂತಿದ್ದೆ. ತಾತ ಬರ್ಮಾದ ಯುದ್ಧದಲ್ಲಿ ಟೋಪಿಗೆ ಸಿಕ್ಕಿಸಿಕೊಂಡಿದ್ದ ಬ್ಯಾಡ್ಜ್ ಅದು. ಅವರು ತೀರಿಕೊಂಡ ಮೇಲೆ ಅಮ್ಮ ಪ್ರತಿ ಆಯುಧಪೂಜೆಗೂ ದೇವರ ದೀಪಗಳ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ತಮ್ಮ ಅಪ್ಪನ ಮೇಲಿನ ಭಕ್ತಿಯಿಂದಲೇ ಸಿಂಹವನ್ನು ಸವೆಸಿಬಿಟ್ಟಿದ್ದರು. ನನಗೆ ಸಿಟ್ಟು, ಅವರಿಗೆ ನಾಚಿಕೆ.

ಹಿರಿಯರು ಉಸಿರು ಬಿಡುವುದು, ಕಂಡಷ್ಟೇ ಗೆರೆಯನ್ನು ಸಣ್ಣ ಉಳಿಯಿಂದ ಕೆತ್ತುವುದು, ಮತ್ತೆ ಉಸಿರು ಬಿಡುವುದು. ಎರಡು ಗಂಟೆಯಲ್ಲಿ ಸಿಂಹ ಎದ್ದು ನಿಂತಿತು. ಅಂಚಿನಲ್ಲಿ ಬೆರಳಗಲದ ಜಾಗ ಮಾತ್ರ ನುಣ್ಣಗೇ ಉಳಿದಿತ್ತು. ಅಲ್ಲೂ ನಾಲ್ಕು ಗೆರೆ ಎಳೆದುಬಿಡಿ ಎಂದೆ.

“ಇದು ಹುಣಸೆಹಣ್ಣಿನ ಸವೆತ ಅಲ್ಲಮ್ಮಾ. ಯಾರೋ ಹೆಬ್ಬೆರಳಲ್ಲಿ ವರ್ಷಗಟ್ಟಲೆ ಸವರಿದಾರೆ. ಇದನ್ನ ನಾನು ಮುಟ್ಟಲ್ಲ” ಎಂದರು.

ಅಮ್ಮ ನಿಧಾನಕ್ಕೆ ಹೇಳಿದರು: “ಅಪ್ಪ ರೇಡಿಯೋದಲ್ಲಿ ವಾರ್ತೆ ಕೇಳೋವಾಗ ಇದನ್ನ ಕೈಯಲ್ಲಿ ಹಿಡ್ಕೊಂಡೇ ಕೂತಿರ್ತಿದ್ರು.”

ಆಮೇಲಿನ ಆಯುಧಪೂಜೆಗಳಲ್ಲಿ ಅಮ್ಮ ಬ್ಯಾಡ್ಜನ್ನು ತಿಕ್ಕಲಿಲ್ಲ. ಹೂವಿಡುವ ಮುಂಚೆ ಆ ನುಣುಪು ಜಾಗದ ಮೇಲೆ ತಮ್ಮ ಹೆಬ್ಬೆರಳನ್ನು ಸ್ವಲ್ಪ ಹೊತ್ತು ಇಟ್ಟುಕೊಂಡು ಕೂರುತ್ತಿದ್ದರು.